ಮೀನಿನ ಗ್ರೂಪಿಗೆ ಬಿದ್ದ ಟ್ಯೂಷನ್ ಲಿಂಕ್

ನಮ್ಮ ಹರಿಣಾಕ್ಷಿ ಚಿಕ್ಕಮ್ಮನಿಗೆ ಹಾಳಾದ ಬಂಗುಡೆ ದಾಟಿಸುವ ಗಂಡು ಮಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ಬೆಳಿಗ್ಗೆ ಬೋಟುಗಳು ಬರುವ ದಕ್ಕೆಯಲ್ಲಿ ಮೀನಿನ ಬುಟ್ಟಿಯ ಮುಂದೆ ನಿಂತರೆ ಮೊದಲು ಕಿವಿರು ಎತ್ತಿ ನೋಡುತ್ತಾರೆ. ಕೆಂಪಗಿದ್ದರೆ ವ್ಯಾಪಾರ, ಕಂದಿದ್ದರೆ ಬೈಗುಳ. ಆಮೇಲೆ ಬೋಳಾರದ ಮನೆಗೆ ಬಂದು ಮೀನಿನ ಫೋಟೋ ತೆಗೆದು ತಮ್ಮ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಅದರಲ್ಲಿ ಇನ್ನೂರ ಹನ್ನೆರಡು ಗಿರಾಕಿಗಳು. ಅರ್ಧಕ್ಕರ್ಧ ಜನರ ಮುಖ ಚಿಕ್ಕಮ್ಮ ನೋಡಿದ್ದೇ ಇಲ್ಲ.

ಆ ಗ್ರೂಪಿನಲ್ಲಿ ನಾನೂ ಇದ್ದೇನೆ. ನಾನು ರೋಷನ್, ಅವರ ಅಕ್ಕನ ಮಗ, ಪಕ್ಕದ ಮನೆ. ಓದುವುದು ಡಿಗ್ರಿ. ನಿಜವಾದ ಕಸುಬು ಸಿನಿಮಾ ವಿಲನ್ ದನಿಯಲ್ಲಿ ಫೋನ್ ಮಾಡಿ ಜನರ ಬೆವರಿಳಿಸುವುದು.

ಚಿಕ್ಕಮ್ಮನ ಮಗಳು ಹರ್ಷಿತಾ ಎಂಟನೇ ಕ್ಲಾಸು. ಸ್ಕಾಲರ್‌ಶಿಪ್ ಪರೀಕ್ಷೆ ಪಾಸಾಗಬೇಕು ಎಂದು ಹಟ ತೊಟ್ಟು ಓದುತ್ತಿದ್ದಾಳೆ. ಫಿಲಿಪ್ ಸರ್ ಹತ್ತಿರ ಗಣಿತದ ಟ್ಯೂಷನ್. ಎರಡು ದಿನ ಸರ್ ಮನೆಯಲ್ಲಿ, ಮೂರು ದಿನ ಆನ್‌ಲೈನ್.

ಒಂದು ದಿನ ಮೀನಿನ ಗ್ರೂಪಿನಲ್ಲಿ ಚಿಕ್ಕಮ್ಮನ ಮೆಸೇಜ್ ಬಂತು. "ಇವತ್ತು ಬಂಗುಡೆ, ಬೂತಾಯಿ ಉಂಟು. ನಮ್ಮ ಹರ್ಷಿತಾಳ ಸರ್ ಚೆಂದ ಲೆಕ್ಕ ಹೇಳಿ ಕೊಡ್ತಾರೆ. ನಿಮ್ಮ ಮಕ್ಕಳೂ ಬರಲಿ." ಕೆಳಗೆ ಕ್ಲಾಸಿನ ಲಿಂಕ್. ಅದರ ಕೆಳಗೆ ಯೂನಿಫಾರ್ಮ್ ಹಾಕಿ ನಗುತ್ತಿರುವ ಹರ್ಷಿತಾಳ ಫೋಟೋ, ಶಾಲೆಯ ಬ್ಯಾಡ್ಜ್ ಸಮೇತ.

ಎರಡು ವಾರ ಕಳೆದು, ಒಂದು ಸಂಜೆ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಕ್ಲಾಸ್ ಶುರುವಾಗುವುದು ಐದೂವರೆಗೆ. ಹರ್ಷಿತಾ ಐದೂಕಾಲಿಗೇ ಹೋಗಿ ಕೂರುತ್ತಾಳೆ. ನಾನು ಆ ಲಿಂಕ್ ಒತ್ತಿದೆ. ಹೆಸರು 'ಪ್ರೇಮ್ ಸರ್' ಎಂದು ಹಾಕಿದೆ. ಯಾರೂ ನೀನು ಯಾರೆಂದು ಕೇಳಲಿಲ್ಲ. ಸೀದಾ ಒಳಗೆ!

ಕ್ಯಾಮೆರಾ ಆಫ್ ಮಾಡಿ ದನಿ ದಪ್ಪ ಮಾಡಿದೆ. "ಹರ್ಷಿತಾ... ಈ ಕ್ಲಾಸಿಗೆ ಬರುವುದು ನಿನ್ನ ಇಷ್ಟ. ಹೋಗುವುದು ನನ್ನ ಇಷ್ಟ!"

ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ನಿಂತಳು. "ನಮಸ್ತೆ ಸರ್."

"ಮನೆ ಎಲ್ಲಿ?"

"ಬೋಳಾರದಲ್ಲಿ ಸರ್. ಮಂಗಳಾದೇವಿ ದೇವಸ್ಥಾನದ ಹತ್ತಿರದ ಓಣಿ, ನೀಲಿ ಗೇಟ್."

"ಮನೆಯಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಸರ್. ಅಪ್ಪ ಬೋಟಿಗೆ ಹೋಗಿದ್ದಾರೆ. ಅಮ್ಮ ಮೀನು ಕೊಡ್ಲಿಕ್ಕೆ ಹೋಗಿದ್ದಾರೆ. ನಾನೊಬ್ಬಳೇ."

ಅವಳು ನನ್ನ ದನಿ ಕೇಳಿದ್ದು ಎರಡು ನಿಮಿಷ. ಅಷ್ಟರಲ್ಲಿ ಮನೆಯ ದಾರಿ, ಗೇಟಿನ ಬಣ್ಣ, ಒಬ್ಬಳೇ ಇದ್ದಾಳೆ ಎಂಬುದು, ಎಲ್ಲ ನನ್ನ ಕೈಯಲ್ಲಿ. ನನ್ನ ಜಾಗದಲ್ಲಿ ಬೇರೆಯವನಿದ್ದರೆ?

ಫೋನ್ ಬಿಸಾಡಿ ಓಡಿ ಹೋದೆ. "ಏ ಮಾರಾಯ್ತಿ, ಅದು ನಾನು!"

ಅವಳು ಬೈಯಲಿಲ್ಲ. ಕಣ್ಣು ತುಂಬಿಕೊಂಡು ಕೇಳಿದಳು, "ಅಣ್ಣಾ, ಆ ಇನ್ನೊಬ್ಬ ಸರ್ ಕೂಡ ನೀನೇನಾ? ನೀನೇ ಅಂತ ಹೇಳು."

"ಯಾವ ಇನ್ನೊಬ್ಬ ಸರ್?"

ಫೋನ್ ತೋರಿಸಿದಳು. 'ಎಕ್ಸಾಂ ಸರ್' ಎಂಬ ಹೆಸರಿನಲ್ಲಿ ಯಾರೋ ಆನ್‌ಲೈನ್ ಕ್ಲಾಸಿಗೆ ಬಂದು, ಅವಳ ನಂಬರ್ ಕೇಳಿ ಪಡೆದು, ಹತ್ತು ದಿನದಿಂದ ಮೆಸೇಜ್ ಮಾಡುತ್ತಿದ್ದ. ಮೊದಲು "ಜಾಣೆ" ಎಂದು ಹೊಗಳಿಕೆ. ಆಮೇಲೆ "ಪ್ರಶ್ನೆಪತ್ರಿಕೆ ಕೊಡ್ತೇನೆ, ಒಂದು ಫೋಟೋ ಕಳಿಸು." ಅವಳು ಒಂದು ಕಳಿಸಿದ್ದಳು. ಈಗ, "ಒಬ್ಬಳೇ ಇರುವಾಗ ವಿಡಿಯೋ ಕಾಲ್ ಮಾಡು. ಅಮ್ಮನಿಗೆ ಹೇಳಬೇಡ. ಹೇಳಿದರೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ."

"ಕಾಲ್ ಮಾಡಿದ್ಯಾ?"

"ಇಲ್ಲ ಅಣ್ಣ. ಹೆದರಿಕೆ ಆಯ್ತು."

"ಮತ್ತೆ ಅಮ್ಮನಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಮ್ಮ ಮೊಬೈಲ್ ಕಿತ್ಕೊಳ್ತಾರೆ. ಕ್ಲಾಸ್ ನಿಲ್ತದೆ."

ಅಷ್ಟರಲ್ಲಿ ಚಿಕ್ಕಮ್ಮ ಬಂದರು. ವಿಷಯ ಕೇಳಿದವರೇ ಮಗಳು ಹೇಳಿದ ಹಾಗೆಯೇ ಮಾಡಿದರು. ಮೊಬೈಲ್ ಕಿತ್ತುಕೊಂಡರು.

"ಫೋಟೋ ಯಾಕೆ ಕಳಿಸಿದ್ದು ನೀನು? ಸಾಕು ಟ್ಯೂಷನ್! ಪರೀಕ್ಷೆಯೂ ಬೇಡ, ಎಂತದೂ ಬೇಡ. ರೋಷನ್, ಮೊದಲು ಆ ಮೆಸೇಜೆಲ್ಲ ಡಿಲೀಟ್ ಮಾಡು."

"ಡಿಲೀಟ್ ಮಾತ್ರ ಮಾಡ್ಬೇಡಿ!"

ಬಾಗಿಲಲ್ಲಿ ನಾಝಿಮಾ ಟೀಚರ್ ನಿಂತಿದ್ದರು. ನಮ್ಮ ಓಣಿಯ ಅಂಗನವಾಡಿ ಟೀಚರ್, ಕೈಯಲ್ಲಿ ಮೀನಿಗೆ ತಂದ ಪಾತ್ರೆ. ಜಗಲಿಯಲ್ಲಿ ಕೂತು ಹರ್ಷಿತಾಳನ್ನು ಪಕ್ಕಕ್ಕೆ ಎಳೆದುಕೊಂಡರು.

"ಹರಿಣಾಕ್ಷಿ ಅಕ್ಕ, ತಪ್ಪು ಮಾಡಿದ್ದು ಯಾರು?"

"ಆ ಹಾಳಾದವ!"

"ಮತ್ತೆ ಶಿಕ್ಷೆ ಯಾಕೆ ಇವಳಿಗೆ? ಇವಳು ಅವನಿಗಿಂತ ಹೆಚ್ಚು ಹೆದರಿದ್ದು ನಿಮಗೆ ಅಕ್ಕ. ಅದು ಅವನಿಗೂ ಗೊತ್ತುಂಟು. ಅದಕ್ಕೇ ಅಮ್ಮನಿಗೆ ಹೇಳಬೇಡ ಅಂದದ್ದು. ಮಕ್ಕಳ ಹತ್ತಿರ ಗುಟ್ಟು ಇಡು ಅಂತ ಹೇಳುವ ಸರ್, ಸರ್ ಅಲ್ಲವೇ ಅಲ್ಲ."

ಚಿಕ್ಕಮ್ಮ ದನಿ ತಗ್ಗಿಸಿದರು, "ಪೊಲೀಸು ಗಿಲೀಸು ಅಂತ ಹೋದ್ರೆ ಬೋಳಾರದವರೆಲ್ಲ ಮಾತಾಡ್ತಾರೆ ನಾಝಿಮಾ. ಹೆಣ್ಣು ಮಗು."

"ಸುಮ್ಮನಿದ್ರೆ ಅವ ನಾಳೆ ಇನ್ನೊಂದು ಮಗುವಿಗೆ ಮೆಸೇಜ್ ಮಾಡ್ತಾನೆ. 1098 ಮಕ್ಕಳ ಸಹಾಯವಾಣಿ, ದುಡ್ಡಿಲ್ಲದೆ ಫೋನ್ ಮಾಡ್ಬಹುದು. ಆನ್‌ಲೈನ್ ಅಪರಾಧಕ್ಕೆ 1930 ಉಂಟು. ಮಗುವಿನ ಹೆಸರು ಹೊರಗೆ ಹಾಕ್ಲಿಕ್ಕೆ ಕಾನೂನಲ್ಲಿ ಬಿಡುವುದಿಲ್ಲ. ಅವನಿಗೆ ಉತ್ತರ ಕೊಡುವುದು ಬೇಡ. ಮೆಸೇಜ್, ನಂಬರ್ ಎಲ್ಲ ಹಾಗೇ ಇರಲಿ, ಅದೇ ಸಾಕ್ಷಿ."

"ಅದು ಸರಿ, ಆದ್ರೆ ಅವ ಒಳಗೆ ಬಂದದ್ದು ಹೇಗೆ ಮಾರಾಯ್ತಿ? ಲಿಂಕ್ ಅವನಿಗೆ ಕೊಟ್ಟದ್ದು ಯಾರು?" ಎಂದು ಚಿಕ್ಕಮ್ಮ ಕೇಳಿದರು.

ನಾನು ಮೀನಿನ ಗ್ರೂಪ್ ತೆರೆದು ಚಿಕ್ಕಮ್ಮನ ಮುಂದೆ ಹಿಡಿದೆ. ಬಂಗುಡೆ, ಬೂತಾಯಿ, ಲಿಂಕ್, ಮಗಳ ಫೋಟೋ. ಅಲ್ಲಿಂದ ಎಷ್ಟು ಜನರಿಗೆ ಫಾರ್ವರ್ಡ್ ಆಗಿದೆಯೋ ದೇವರೇ ಬಲ್ಲ.

ಚಿಕ್ಕಮ್ಮ ತಾವೇ ಹಾಕಿದ್ದನ್ನು ಇನ್ನೊಮ್ಮೆ ಓದಿದರು. "ಅಯ್ಯೋ ದೇವೆರೇ. ನಾನೇ..."

"ನಾಲ್ಕು ಮಕ್ಕಳಿಗೆ ಒಳ್ಳೆಯದಾಗಲಿ ಅಂತ ಹಾಕಿದ್ದು ನೀವು," ಎಂದರು ಟೀಚರ್. "ಆದ್ರೆ ಅಕ್ಕ, ಅರ್ಧ ಕಿಲೋ ಬಂಗುಡೆಗೆ ಎಷ್ಟು ಕಿವಿರು ಎತ್ತಿ ನೋಡ್ತೀರಿ?"

ಚಿಕ್ಕಮ್ಮ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡರು. ಕೈಗೆ ಮೀನಿನ ವಾಸನೆ. ಹರ್ಷಿತಾ ಮೂಗು ಮುಚ್ಚಲಿಲ್ಲ.

"ಇನ್ನು ಬೈಯುವುದಿಲ್ಲ ಮಗಾ. ಎಂತ ಆದ್ರೂ ಬಂದು ಹೇಳು. ಮೊಬೈಲ್ ತಗೊಳ್ಳುವುದಿಲ್ಲ."

"ಪ್ರಾಮಿಸ್?"

"ಮಂಗಳಾದೇವಿ ಮೇಲೆ."

ಚಿಕ್ಕಮ್ಮ ಅಲ್ಲೇ ಕೂತು 1098ಕ್ಕೆ ಫೋನ್ ಮಾಡಿದರು. ಅದರ ಹಿಂದೆಯೇ 1930ಕ್ಕೂ. ಆ ಎಕ್ಸಾಂ ಸರ್‌ನ ನಂಬರ್ ಈಗ ಪೊಲೀಸರ ಹತ್ತಿರ ಇದೆ. ಲಿಂಕ್, ಫೋಟೋ ಎರಡನ್ನೂ ಗ್ರೂಪಿನಿಂದ ತೆಗೆದಾಯಿತು.

ಫಿಲಿಪ್ ಸರ್ ಮಾರನೆಯ ದಿನವೇ ಮನೆಗೆ ಬಂದರು. "ಬಾಗಿಲು ತೆರೆದಿಟ್ಟು ಕ್ಲಾಸ್ ಮಾಡ್ತಿದ್ದೆ. ನನ್ನ ತಪ್ಪು," ಎಂದು ಒಪ್ಪಿಕೊಂಡರು. ಈಗ ಆನ್‌ಲೈನ್ ಕ್ಲಾಸಿನ ಬಾಗಿಲು ಮುಚ್ಚಿರುತ್ತದೆ. ಹೆಸರು ನೋಡಿ ಸರ್ ಅವರೇ ಒಳಗೆ ಬಿಡುತ್ತಾರೆ. ಮಕ್ಕಳಿಗೆ ಬೇರೆ ಬೇರೆಯಾಗಿ ಮೆಸೇಜ್ ಇಲ್ಲ. ಎಂತ ಹೇಳುವುದಿದ್ದರೂ ಅಪ್ಪ ಅಮ್ಮಂದಿರೂ ಇರುವ ಗ್ರೂಪಿನಲ್ಲಿ. ಅವರ ಮನೆಯ ಟ್ಯೂಷನ್‌ನಲ್ಲಿ ಮಾತ್ರ ಬಾಗಿಲು ಅಗಲ ತೆರೆದಿರುತ್ತದೆ. ಯಾವ ಮಗುವನ್ನೂ ಒಂಟಿಯಾಗಿ ಕೂರಿಸುವುದಿಲ್ಲ. "ಹರಿಣಾಕ್ಷಿಯವರೇ, ಹೇಳದೆ ಕೇಳದೆ ಯಾವಾಗ ಬೇಕಾದ್ರೂ ಬಂದು ನೋಡಿ. ನನಗೂ ಅದೇ ಒಳ್ಳೆಯದು," ಎಂದರು. ಹರ್ಷಿತಾಳ ಅಪ್ಪ ಚೆನ್ನಪ್ಪ ಚಿಕ್ಕಪ್ಪ ಬೋಟಿನಿಂದ ಬಂದ ಮೇಲೆ ಕ್ಲಾಸಿನ ಹೊತ್ತಿಗೆ ಜಗಲಿಯಲ್ಲಿ ಬಲೆ ಹಿಡಿದು ಕೂರುತ್ತಾರೆ. ಹರಿದ ಬಲೆಗಿಂತ ಹೆಚ್ಚು ಬೀಜಗಣಿತ ಈಗ ಅವರಿಗೇ ಗೊತ್ತು.

ತಾಯಿ ಮಗಳು ಒಂದು ಗುಟ್ಟಿನ ಮಾತೂ ಮಾಡಿಕೊಂಡಿದ್ದಾರೆ. ಯಾರಾದರೂ ಕೇಳಬಾರದ್ದು ಕೇಳಿದರೆ, ಮುಟ್ಟಬಾರದ ಹಾಗೆ ಮುಟ್ಟಿದರೆ, ಸುಮ್ಮನೆ ಮನಸ್ಸಿಗೆ ಸರಿ ಕಾಣದಿದ್ದರೂ ಸಾಕು, ಹರ್ಷಿತಾ ಹೇಳಬೇಕಾದ್ದು ಇಷ್ಟೇ: "ಅಮ್ಮಾ, ಕಿವಿರು ಕೆಂಪಿಲ್ಲ." ಅಮ್ಮ ಇದ್ದ ಕೆಲಸ ಬಿಟ್ಟು ಬರಬೇಕು. ಮೊದಲು ಕೇಳಬೇಕು, ಬೈಯಬಾರದು.

ನಾನು ಮಕ್ಕಳ ಹತ್ತಿರ ಆ ಆಟ ಬಿಟ್ಟೆ. ದೊಡ್ಡವರ ಹತ್ತಿರ ಬಿಡಲಿಲ್ಲ. ಮೊನ್ನೆ ಹೊಸ ನಂಬರಿನಿಂದ ಚಿಕ್ಕಮ್ಮನಿಗೆ ಫೋನ್ ಮಾಡಿ ದನಿ ದಪ್ಪ ಮಾಡಿದೆ. "ಶಾಲೆಯಿಂದ ಮಾತಾಡ್ತಿದ್ದೇನೆ. ಮಗಳ ಫೋಟೋ, ಮನೆ ಅಡ್ರೆಸ್ ಕಳಿಸಿ."

"ಹೌದಾ? ನಿಮ್ಮ ಹೆಸರೆಂತ? ನಿಮ್ಮ ಹೆಡ್‌ಮಾಸ್ಟರರ ಹೆಸರೆಂತ? ಫೋನ್ ಇಡಿ. ನಾನೇ ಶಾಲೆಗೆ ಫೋನ್ ಮಾಡಿ ಕೇಳ್ತೇನೆ. ಆಮೇಲೆ 1098ಕ್ಕೂ ಮಾಡ್ತೇನೆ!"

"ಚಿಕ್ಕಮ್ಮಾ, ಅದಕ್ಕೆ ಮಾಡ್ಬೇಡಿ, ನಾನು ರೋಷನ್!"

ಆ ಕಡೆಯಿಂದ ಬಂದ ಬೈಗುಳ ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಇಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡದ್ದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವಿಗೂ ಒಬ್ಬರು ಸರ್ ಇದ್ದಾರೆ, ಒಂದು ಲಿಂಕ್ ಇದೆ. ಅದನ್ನು ಕಂಡವರಿಗೆಲ್ಲ ಹಂಚಬೇಡಿ. ಪಾಠ ನಡೆಯುವ ಕೋಣೆಗೆ ಆಗಾಗ ಇಣುಕಿ. ಏನಾದರೂ ಆದರೆ 1098 ನೆನಪಿರಲಿ. ಇವತ್ತು ಊಟಕ್ಕೆ ಕೂತಾಗ ಮಗುವಿಗೆ ಒಂದು ಮಾತು ಹೇಳಿ: "ಎಂತ ಆದ್ರೂ ಬಂದು ಹೇಳು, ಬೈಯುವುದಿಲ್ಲ." ಹೇಳಿದ ಮೇಲೆ ಮಾತು ಉಳಿಸಿಕೊಳ್ಳಿ. ಒಂದು ಹೊತ್ತಿನ ಸಾರಿನ ಮೀನಿಗೆ ಅಷ್ಟು ಕಿವಿರು ನೋಡುವ ಊರು ನಮ್ಮದು. ಮಕ್ಕಳ ವಿಷಯದಲ್ಲಿ ನೋಡದಿದ್ದರೆ ಹೇಗೆ ಮಾರಾಯ್ರೇ?