ಮಿಲ್ಕಾಬಾಯಿಯವರ ಪ್ರಾರ್ಥನೆಯ ಗಂಟೆ

ಮಿಲ್ಕಾಬಾಯಿ ತೀರಿಕೊಂಡ ಸಂಗತಿ ಮನೆಯವರಿಗೆ ಗೊತ್ತಾದದ್ದು ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಗೆ. ನನಗೆ ಏಳೂಕಾಲಿಗೇ ಗೊತ್ತಿತ್ತು. ನಾನು ಆಕೆಯ ಕೈಯಲ್ಲಿಯೇ ಇದ್ದೆ.

ಹಾಲು ಹಾಕುವ ಹನುಮವ್ವ ಹಿಂಬಾಗಿಲಿನಿಂದ ಬಂದಳು. ಪಾತ್ರೆಯನ್ನು ಕೆಳಗಿಟ್ಟು, ಎಂದಿನಂತೆ ಮಂಚದ ಬಳಿ ಬಗ್ಗಿ, "ಅಕ್ಕಾರ, ಎದ್ರೇನು?" ಎಂದು ಕೈ ಮುಟ್ಟಿದಳು. ಕೂಡಲೇ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ನಡುಮನೆಯ ಬಾಗಿಲಿಗೆ ಹೋಗಿ, "ಮಾಸ್ತರ, ಅಕ್ಕಾರು ಏಳವಲ್ರು" ಎಂದಳು.

ನಡುಮನೆಯಲ್ಲಿ ಸಭೆ ನಡೆದಿತ್ತು. ಆಕೆಯ ಗಂಡ ತಿಮೊಥಿ ಮಾಸ್ತರರು ಕಾಗದದಿಂದ ತಲೆ ಎತ್ತಲಿಲ್ಲ. "ಮಲಗಲಿ ಬಿಡವಾ. ಹತ್ತು ಮಿನಿಟಕ್ಕ ಬಂದೆ."

"ಮಲಗಿಲ್ರೀ ಮಾಸ್ತರ. ಕೈ ಥಣ್ಣಗಾಗೇತಿ."

ಆಗ ಕುರ್ಚಿ ಸರಿದ ಸದ್ದು ಕೇಳಿತು.

ನಾನು ಒಂದು ಕೈಗಂಟೆ. ಗೇಣುದ್ದ ಇದ್ದೇನೆ, ಮರದ ಹಿಡಿಕೆ, ಕಂಚಿನ ಮೈ. ನನ್ನ ಕಂಚು ಮೊದಲು ಬೇರೊಂದು ಗಂಟೆಯಾಗಿತ್ತು. ಬೆಟಗೇರಿಯ ನೇಯ್ಗೆ ಕಾರ್ಖಾನೆಯೊಂದರಲ್ಲಿ ಅದು ತೂಗುತ್ತಿತ್ತು. ಅದು ಬಾರಿಸಿದರೆ ನೂರಾರು ಜನ ಮಗ್ಗಕ್ಕೆ ಕೂರಬೇಕು, ಮತ್ತೆ ಬಾರಿಸಿದರೆ ಏಳಬೇಕು. ಒಂದು ದಿನ ಅದು ಸೀಳಿತು. ಅದರ ಚೂರೊಂದನ್ನು ಬೆನ್ಯಾಮೀನಪ್ಪ ಎಂಬ ನೇಕಾರ ಮೇಲ್ವಿಚಾರಕರಿಂದ ಬೇಡಿ ತೆಗೆದುಕೊಂಡ. ಹುಬ್ಬಳ್ಳಿಯ ಕಂಚಗಾರ ನೀಲಕಂಠಪ್ಪನ ಮುಂದೆ ಅದನ್ನಿಟ್ಟು, "ಇದು ಮೂವತ್ತು ವರ್ಷ ನನ್ನ ಕೆಲಸಕ್ಕ ಕರದೈತಿ. ಇನ್ನ ಇದು ನನ್ನ ದೇವರ ಕಡೆ ಕರೀಬೇಕು. ಹಂಗ ಮಾಡಿ ಕೊಡು" ಎಂದ.

"ಕಂಚಿಗೆ ಎರಡೂ ಒಂದಽ ಅಪ್ಪಾ" ಎಂದ ನೀಲಕಂಠಪ್ಪ. "ಕರೆಯೂದಷ್ಟ ಅದರ ಕೆಲಸ. ಬರೂದು ಬಿಡೂದು ನಿಮ್ಮದು."

ಹೀಗೆ ಬೆಂಕಿಯಲ್ಲಿ ಕರಗಿ ನಾನು ಹುಟ್ಟಿದೆ.

ಬೆನ್ಯಾಮೀನಪ್ಪನ ಮನೆಯಲ್ಲಿ ಬೆಳಗಿನ ಏಳಕ್ಕೆ ನನ್ನನ್ನು ಬಾರಿಸುತ್ತಿದ್ದರು. ರೊಟ್ಟಿ ಬಡಿಯುವವಳು ಹಿಟ್ಟಿನ ಕೈಯಲ್ಲೇ ಬರಬೇಕು, ಹಲ್ಲುಜ್ಜುವವನು ಬಾಯಿ ಮುಕ್ಕಳಿಸಿ ಬರಬೇಕು. ಒಂದು ಅಧ್ಯಾಯ, ಒಂದು ಕೀರ್ತನೆ, ಒಂದು ಪ್ರಾರ್ಥನೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಆತನ ನಿಯಮವೊಂದಿತ್ತು. ಒಬ್ಬರು ಪ್ರಾರ್ಥನೆ ಹೇಳಬೇಕು, ಉಳಿದವರು 'ಹಾಗೆಯೇ ಆಗಲಿ' ಎಂದು ಒಪ್ಪಿ ಗಟ್ಟಿಯಾಗಿ ಆಮೆನ್ ಎನ್ನಬೇಕು. ಆಮೆನ್ ಇಲ್ಲದ ಪ್ರಾರ್ಥನೆ ಗಂಟು ಹಾಕದ ನೂಲು ಎನ್ನುತ್ತಿದ್ದ. ಆತನ ಮಗಳು ಮಿಲ್ಕಾ ಎಲ್ಲರಿಗಿಂತ ಗಟ್ಟಿಯಾಗಿ ಅನ್ನುತ್ತಿದ್ದಳು.

ಮಿಲ್ಕಾಳ ಮದುವೆ ತಿಮೊಥಿ ಎಂಬ ಶಾಲಾ ಮಾಸ್ತರರೊಂದಿಗೆ ಆಯಿತು. ತವರಿನಿಂದ ಆಕೆ ಒಂದು ಟ್ರಂಕು, ಒಂದು ಸತ್ಯವೇದ ಮತ್ತು ನನ್ನನ್ನು ತಂದಳು. ಅವರಿಗೆ ಮಕ್ಕಳಾಗಲಿಲ್ಲ. ಇಬ್ಬರೇ ಮಂಚದ ಬಳಿ ಮೊಣಕಾಲೂರುತ್ತಿದ್ದರು. ಮಾಸ್ತರರು ಓದುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ಆಕೆ ಆಮೆನ್ ಎನ್ನುತ್ತಿದ್ದಳು. ಮೊದಲ ಇಪ್ಪತ್ತು ವರ್ಷಗಳಲ್ಲಿ ಸತ್ಯವೇದವನ್ನು ಆದಿಕಾಂಡದಿಂದ ಪ್ರಕಟನೆಯವರೆಗೆ ಆರು ಸಲ ಓದಿದರು. ಆ ವರ್ಷಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಸುಖದಲ್ಲಿ ಗಂಟೆಗೆ ಹೇಳುವಂಥದೇನೂ ಇರುವುದಿಲ್ಲ.

ಮಾಸ್ತರರು ಕೆಟ್ಟವರಾಗಿರಲಿಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ. ಅವರು ದೇವರ ಕೆಲಸಕ್ಕೆ ಬಿದ್ದರು, ಅಷ್ಟೆ. ಮೊದಲು ಭಾನುವಾರದ ಶಾಲೆ, ಆಮೇಲೆ ಗಾಯನ ಮಂಡಳಿ, ಆಮೇಲೆ ಸಮಾಧಿ ಭೂಮಿಯ ಕಮಿಟಿ. ನಿವೃತ್ತಿಯಾದ ಮೇಲೆ ದೇವಾಲಯದ ಕಾರ್ಯದರ್ಶಿ. ಬೆಳಿಗ್ಗೆ ಆರಕ್ಕೆ ಫೋನು ಹಿಡಿದರೆ ಅದು ಎಂಟಾದರೂ ಕಿವಿ ಬಿಡುತ್ತಿರಲಿಲ್ಲ. ಏಳಕ್ಕೆ ನಾನು ಕರೆಯುತ್ತಿದ್ದೆ. "ಹತ್ತು ಮಿನಿಟ, ಮಿಲ್ಕಾ" ಎನ್ನುತ್ತಿದ್ದರು. ಆಕೆ ಕಾಯುತ್ತಿದ್ದಳು. ಎಂಟಾದ ಮೇಲೆ ತಾನೇ ಓದಿ, ತಾನೇ ಪ್ರಾರ್ಥಿಸಿ, ತಾನೇ ಆಮೆನ್ ಎಂದು ಏಳುತ್ತಿದ್ದಳು. ಆದರೆ ಗುರುತಿನ ದಾರವನ್ನು ಮುಂದಕ್ಕೆ ಸರಿಸುತ್ತಿರಲಿಲ್ಲ. ಇಬ್ಬರೂ ಕೂಡಿ ಓದಿದ ದಿನ ಮಾತ್ರ ಸರಿಸುತ್ತಿದ್ದಳು. ಏಳನೆಯ ಸಲದ ಓದು ಹೀಗೆ ಕುಂಟುತ್ತ ಬಂದು, ಪೂರ್ವಕಾಲವೃತ್ತಾಂತ ಎಂಬ ಪುಸ್ತಕದ ಮೊದಲ ಭಾಗದಲ್ಲಿ ನಿಂತಿತು. ಅಲ್ಲಿ ಬರೀ ಹೆಸರುಗಳು. ಇಂಥವನು ಇಂಥವನ ಮಗ, ಅವನು ಇಂಥವನ ಮಗ. ಆ ಸತ್ತವರ ಪಟ್ಟಿಯಲ್ಲಿ ದಾರ ಹನ್ನೊಂದು ತಿಂಗಳು ಅಲುಗಲಿಲ್ಲ.

ಆಮೇಲೆ ಆಕೆಗೆ ಲಕ್ವಾ ಹೊಡೆಯಿತು.

ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ಒಂದೇ ಒಂದು ಪದ ಉಳಿಯಿತು. ಆಮೆನ್. ನೀರು ಬೇಕಾದರೂ ಆಮೆನ್, ನೋವಾದರೂ ಆಮೆನ್, ಬೇಡವೆನ್ನಬೇಕಾದರೂ ಆಮೆನ್. ವೈದ್ಯರು ಹೀಗಾಗುವುದುಂಟು ಎಂದರು. ಬಾಯಿಪಾಠವಾದದ್ದು ಕೊನೆಗೆ ಉಳಿಯುತ್ತದಂತೆ. ಮಾಸ್ತರರು ಇದನ್ನು ದೇವಾಲಯದಲ್ಲಿ ದೇವರ ಕೃಪೆಗೆ ಸಾಕ್ಷಿಯಾಗಿ ಹೇಳಿದರು. ಜನ ಕಣ್ಣೊರೆಸಿಕೊಂಡರು.

ಆದರೆ ಆಕೆಯ ಕಷ್ಟ ಬೇರೆ ಇತ್ತು. ತನಗೆ ತಾನೇ ಪ್ರಾರ್ಥನೆ ಹೇಳಿಕೊಳ್ಳುವ ಶಕ್ತಿ ಹೋಗಿತ್ತು. ಕೈಯಲ್ಲಿ ಗಂಟಿತ್ತು, ನೂಲಿರಲಿಲ್ಲ. ಇನ್ನೊಬ್ಬರು ಹೇಳಿದರೆ ಮಾತ್ರ ಆಕೆಯ ಆಮೆನ್‌ಗೆ ಅರ್ಥ. ಅದಕ್ಕಾಗಿ ದಿನವೂ ಏಳಕ್ಕೆ ಎಡಗೈಯಿಂದ ನನ್ನನ್ನು ಬಾರಿಸುತ್ತಿದ್ದಳು. ಆಕೆಗೆ ಬೇಕಾಗಿದ್ದದ್ದು ಆ ಹತ್ತು ನಿಮಿಷ, ಮತ್ತೇನೂ ಅಲ್ಲ.

"ಬಂದೆ, ಬಂದೆ" ಎಂಬ ದನಿ ನಡುಮನೆಯಿಂದ ಬರುತ್ತಿತ್ತು. ಮನುಷ್ಯ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆಕೆ ಬಾರಿಸುತ್ತಲೇ ಇದ್ದಾಗ ಹನುಮವ್ವ ಹಾಲು ತಂದಳು. ಆಕೆಗೆ ನಮ್ಮ ಸತ್ಯವೇದ ಗೊತ್ತಿಲ್ಲ. ಆದರೆ ಮಂಚದವಳ ಕಣ್ಣು ಗೊತ್ತಾಯಿತು. ನೆಲಕ್ಕೆ ಕೂತು, ಸೆರಗು ಹೊದ್ದು, ಕೈಮುಗಿದು, "ಯಪ್ಪಾ ದೇವ್ರ, ನೀ ಯಾವ ದೇವ್ರರ ಆಗಿರು. ಈ ತಾಯಿನ್ನ ಇಷ್ಟು ನರಳಸಬ್ಯಾಡಪಾ. ಆಕೀ ಗಂಡಗ ಒಂದೀಟು ಪುರಸೊತ್ತು ಕೊಡು" ಎಂದಳು.

"ಆಮೆನ್" ಎಂದಳು ಮಿಲ್ಕಾಬಾಯಿ. ಆ ದಿನ ಅದು ಬೆನ್ಯಾಮೀನಪ್ಪನ ಮನೆಯಲ್ಲಿ ಕೇಳಿದಷ್ಟೇ ಗಟ್ಟಿಯಾಗಿತ್ತು. ಲಕ್ವಾ ಹೊಡೆದ ಮೇಲೆ ಆ ಮನೆಯಲ್ಲಿ ಆಕೆಗೆ ಸಿಕ್ಕ ಪೂರ್ತಿ ಪ್ರಾರ್ಥನೆ ಅದೊಂದೇ. ಕಾರ್ಯದರ್ಶಿಗಳ ಮನೆಯಲ್ಲಿ.

ಆ ವರ್ಷ ದೇವಾಲಯದಲ್ಲಿ ಮೂರು ದಿನದ ಸಮಾವೇಶ ಗೊತ್ತಾಯಿತು. ವಿಷಯವನ್ನು ಮಾಸ್ತರರೇ ಆರಿಸಿದ್ದರು. 'ನಿನ್ನ ದಿನದಲ್ಲಿ ದೇವರಿಗೆ ಸ್ಥಳವಿದೆಯೇ?' ಈ ಮಾತು ಬರೆದ ಬಟ್ಟೆಯ ಫಲಕವನ್ನು ಒಣಗಲೆಂದು ಆಕೆಯ ಮಂಚದ ಕಾಲಿನಿಂದ ಕಿಟಕಿಯವರೆಗೆ ಕಟ್ಟಿದರು. ಎರಡು ದಿನ ಆಕೆಗೆ ಹೊರಗಿನ ಬೇವಿನ ಮರ ಕಾಣಲಿಲ್ಲ.

ಗುರುವಾರ ಫೋನಿನ ಮೇಲೆ ಫೋನು. ಏಳಕ್ಕೆ ನಾನು ಕೂಗಿದೆ. ಮಾಸ್ತರರು ಒಳಗೆ ಬಂದರು. ಆಕೆಯ ಮುಖ ಅರಳಿತು. ಆದರೆ ಅವರು ಮೊಣಕಾಲೂರಲು ಬಂದಿರಲಿಲ್ಲ. ನನ್ನನ್ನು ಆಕೆಯ ಕೈಯಿಂದ ತೆಗೆದುಕೊಂಡು, ಜೇಬಿನ ಕರವಸ್ತ್ರವನ್ನು ನನ್ನ ನಾಲಿಗೆಗೆ ಸುತ್ತಿ ಬಿಗಿಯಾಗಿ ಕಟ್ಟಿದರು. ಅದರ ಮೂಲೆಯಲ್ಲಿ ಅವರ ಹೆಸರಿನ ಮೊದಲ ಅಕ್ಷರವಿತ್ತು. ಕೈ ಸರಿಯಿದ್ದಾಗ ಆಕೆಯೇ ಹೊಲಿದದ್ದು.

"ನಾಕು ದಿನ ಅಷ್ಟ, ಮಿಲ್ಕಾ. ಫೋನಿನ್ಯಾಗ ಬಿಷಪ್ಪರ ಮಾತು ಕೇಳವಲ್ತು. ಸಮಾವೇಶ ಮುಗೀಲಿ, ಆಮ್ಯಾಲ ದಿನಾ ಕೂಡ್ತೀನಿ."

ಆಕೆ ತಲೆ ಅಲ್ಲಾಡಿಸಿದಳು. ಬೇಡ ಎನ್ನಲು ಬಾಯಿ ತೆರೆದಳು. "ಆಮೆನ್" ಎಂದು ಬಂತು.

"ನೋಡು, ನೀನೂ ಒಪ್ಪಿದಿ" ಎಂದು ಮಾಸ್ತರರು ನಕ್ಕು, ನನ್ನನ್ನು ಆಕೆಯ ಕೈಗೆ ಕೊಟ್ಟು ಹೋದರು.

ಶುಕ್ರವಾರ ಬೆಳಿಗ್ಗೆ ಆರೂವರೆಗೇ ಇಬ್ಬರು ಬಂದು ಕೂತರು. ಒಬ್ಬ ದೇವಾಲಯದ ಹಿರಿಯ ಸೀಲಪ್ಪ, ಇನ್ನೊಬ್ಬ ಗಾಯನ ಮಂಡಳಿಯ ಎಜ್ರಾ. ಸಂಜೆಗೆ ಸಮಾವೇಶ ಶುರು. ಕಾರ್ಯಕ್ರಮದ ಪಟ್ಟಿ ಹತ್ತರೊಳಗೆ ಪ್ರೆಸ್ಸಿಗೆ ಹೋಗಬೇಕು.

"ಮಾಸ್ತರ, ಟೈಮ್ ಹೊಂದವಲ್ತು" ಎಂದ ಸೀಲಪ್ಪ. "ಹಿರಿಯರ ಸನ್ಮಾನ ಎಲ್ಲಿ ತುರುಕೋಣು?"

"ಮೌನ ಪ್ರಾರ್ಥನಾ ಅಂತ ಹತ್ತು ಮಿನಿಟ ಐತಲ್ಲ, ಅದನ್ನ ತಗೀರಿ" ಎಂದ ಎಜ್ರಾ. "ಮೌನ ಇದ್ರೇನು, ಬಿಟ್ರೇನು, ಯಾರಿಗೆ ಕೇಳಸತೈತಿ?"

ಮೂವರೂ ನಕ್ಕರು. ಮಾಸ್ತರರ ಪೆನ್ಸಿಲು ಕಾಗದದ ಮೇಲೆ ಗೆರೆ ಎಳೆದ ಸದ್ದು ಒಳಗಿನ ತನಕ ಬಂತು.

ಆಗ ಏಳು ಹೊಡೆದಿತ್ತು. ಮಂಚದಲ್ಲಿ ಆಕೆಯ ಉಸಿರು ಬೇರೆಯಾಗಿತ್ತು. ನನ್ನನ್ನು ಎತ್ತಿ ಅಲ್ಲಾಡಿಸಿದಳು. ನನ್ನಿಂದ ಸದ್ದು ಬರಲಿಲ್ಲ. ನಾನು ಕರೆಯಲೆಂದೇ ಹುಟ್ಟಿದವನು, ಆ ಗಳಿಗೆಯಲ್ಲಿ ಮೂಕನಾಗಿದ್ದೆ. ಆಕೆಯ ನಾಲಿಗೆ ಒಂದು ಕಟ್ಟಿತ್ತು, ನನ್ನದೊಂದು. ಆಗ ಆಕೆ ಕೈಯಲ್ಲಿದ್ದ ಬಲವೆಲ್ಲ ಕೂಡಿಸಿ ನನ್ನನ್ನು ಮಂಚದ ಕಬ್ಬಿಣದ ಪಟ್ಟಿಗೆ ಹೊಡೆದಳು.

ಠಕ್.

"ಒಳಗಿಂದ ಹಾಯ್ಕೋರ್ಟಿನ ಸಮನ್ಸು ಬಂತು ನೋಡ್ರಿ" ಎಂದ ಸೀಲಪ್ಪ.

"ಪ್ರಾರ್ಥನಾ ಅಂತಾಳ. ದಿನಾ ಇದಽ" ಎಂದರು ಮಾಸ್ತರರು. ಆಮೇಲೆ ದನಿ ಏರಿಸಿ, "ಹತ್ತು ಮಿನಿಟ, ಮಿಲ್ಕಾ! ಬಂದೆ!"

ಠಕ್. ಮೂರನೆಯ ಪೆಟ್ಟಿಗೆ ನನ್ನ ಅಂಚು ಸೀಳಿತು. ನನಗೆ ನೋವಾಗಲಿಲ್ಲ. ಇನ್ನೂ ಹೊಡೆ ತಾಯೀ, ಪೂರ್ತಿ ಒಡೆದರೂ ಆಗಲಿ, ಎಂದುಕೊಂಡೆ.

"ಪಾಪ, ಹೋಗಿ ಬರ್ರಿ ಬೇಕಾದ್ರ" ಎಂದ ಸೀಲಪ್ಪ.

"ಏ, ದೇವರು ಕಾಯ್ತಾನ್ರೀ" ಎಂದ ಎಜ್ರಾ. "ಪ್ರೆಸ್ಸಿನಾಂವ ಕಾಯೂದಿಲ್ಲ."

ಐದು ಸಲ ಹೊಡೆದಳು. ಆರನೆಯದಕ್ಕೆ ಕೈ ಏಳಲಿಲ್ಲ. ಕಣ್ಣು ಬಾಗಿಲ ಕಡೆಗಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಎದುರಿಗೆ ಕಟ್ಟಿದ ಫಲಕದ ಮೇಲಿನ ದೊಡ್ಡ ಅಕ್ಷರಗಳಷ್ಟೇ ಇದ್ದವು. ಆಕೆ ಆಮೆನ್ ಎನ್ನಲಿಲ್ಲ. ಎನ್ನಲು ಅಲ್ಲಿ ಯಾರೂ ಏನನ್ನೂ ಪ್ರಾರ್ಥಿಸಿರಲಿಲ್ಲ.

"ಹಾಂ, ಮಲಗಿದ್ಲು" ಎಂದರು ಮಾಸ್ತರರು ನಡುಮನೆಯಲ್ಲಿ. "ಈಗ ಶನಿವಾರದ್ದು ನೋಡೋಣು."

ಶನಿವಾರ ಮಧ್ಯಾಹ್ನ ಮಣ್ಣಾಯಿತು. ಕರವಸ್ತ್ರ ಇನ್ನೂ ಕಟ್ಟಿದ್ದ ನನ್ನನ್ನು ಮಾಸ್ತರರು ಕೋಟಿನ ಜೇಬಿಗೆ ಹಾಕಿಕೊಂಡಿದ್ದರು. ಹಾಕಿಕೊಂಡದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ. ಸಮಾವೇಶ ನಿಲ್ಲಲಿಲ್ಲ, ಬಂದವರು ದೂರದಿಂದ ಬಂದಿದ್ದರು. ಸಂಜೆ ಎಲ್ಲರೂ ಎದ್ದು ನಿಂತು ಮಿಲ್ಕಾಬಾಯಿಯವರಿಗಾಗಿ ಎರಡು ನಿಮಿಷ ಮೌನ ಪ್ರಾರ್ಥನೆ ಮಾಡಿದರು. ಗೆರೆ ಎಳೆದು ತೆಗೆದ ಹತ್ತು ನಿಮಿಷದಲ್ಲಿ ಎರಡು ಹೀಗೆ ಮರಳಿ ಬಂದವು. ಜೇಬಿನ ಬಳಿಯಿದ್ದ ಮಾಸ್ತರರ ಕೈ ಎದ್ದದ್ದು ನನಗೆ ತಿಳಿಯಿತು. ರೂಢಿಯಂತೆ ಗಡಿಯಾರ ನೋಡಿಕೊಂಡರು. ನೋಡಿದ ಮೇಲೆ ಆ ಕೈ ಜೇಬಿಗಿಳಿದು ನನ್ನನ್ನು ಹುಡುಕಿತು. ಸೀಳಿದ ಅಂಚು ತಗುಲಿ ಬೆರಳು ಕುಯ್ದರೂ ಬಿಡಲಿಲ್ಲ.

ಗಂಟು ಬಿಚ್ಚಲು ಅವರಿಗೆ ಮೂರು ದಿನ ಬೇಕಾಯಿತು. ಅಷ್ಟು ಬಿಗಿಯಾಗಿ ಕಟ್ಟಿದ್ದರು.

ಇದಾಗಿ ಆರು ವರ್ಷ. ಮಾಸ್ತರರು ಎಲ್ಲ ಕಮಿಟಿಗಳನ್ನೂ ಬಿಟ್ಟರು. ಸೀಲಪ್ಪ ಒಮ್ಮೆ ಬಂದು, "ಬರ್ರಿ ಮಾಸ್ತರ, ಒಂದು ಸಹಿ. ಹತ್ತು ಮಿನಿಟದ ಕೆಲಸ" ಎಂದ. ಮಾಸ್ತರರು ಅವನು ಚಾಚಿದ ಪೆನ್ನನ್ನು ಅವನ ಜೇಬಿಗೇ ಮರಳಿ ಸಿಕ್ಕಿಸಿದರು. ಅವನು ಮತ್ತೆ ಬರಲಿಲ್ಲ.

ಈಗ ದಿನವೂ ಏಳಕ್ಕೆ ನನ್ನನ್ನು ಬಾರಿಸುತ್ತಾರೆ. ನನ್ನ ದನಿ ಒಡೆದಿದೆ, ತಗಡಿನ ಡಬ್ಬಿ ಬಡಿದಂತೆ ಕೇಳುತ್ತದೆ. ಖಾಲಿ ಮಂಚದ ಬಳಿ ಮೊಣಕಾಲೂರಿ, ದಾರವಿದ್ದಲ್ಲಿಂದ ಆ ಹೆಸರುಗಳನ್ನು ಓದುತ್ತಾರೆ. ದಾರವನ್ನು ಮುಂದೆ ಸರಿಸುವುದಿಲ್ಲ. ಕೂಡಿ ಓದಿದ ದಿನ ಮಾತ್ರ ಸರಿಸಬೇಕು, ಅದು ಆಕೆಯ ನಿಯಮ. ಆದ್ದರಿಂದ ಆರು ವರ್ಷವೂ ಅದೇ ಅಧ್ಯಾಯ. ಆಮೇಲೆ ಪ್ರಾರ್ಥಿಸುತ್ತಾರೆ. ಮುಗಿಸಿ ಸುಮ್ಮನೆ ಕಾಯುತ್ತಾರೆ. ಆಮೆನ್ ಬರುವುದಿಲ್ಲ. ಮೊಣಕಾಲು ನೋಯುವ ತನಕ ಕಾಯುತ್ತಾರೆ, ಆಮೇಲೆ ಮಂಚದ ಪಟ್ಟಿ ಹಿಡಿದು ಏಳುತ್ತಾರೆ.

ಅವರ ದಿನದಲ್ಲಿ ಈಗ ದೇವರಿಗೆ ಬೇಕಾದಷ್ಟು ಸ್ಥಳವಿದೆ. ಆಕೆ ತೆರವು ಮಾಡಿದ ಸ್ಥಳವೇ ಅದು. ದೇವರು ಅಲ್ಲಿಗೆ ಬರುತ್ತಾನೋ ಇಲ್ಲವೋ ನಾನರಿಯೆ. ನೀಲಕಂಠಪ್ಪ ಹೇಳಿದಂತೆ ಕರೆಯುವುದಷ್ಟೇ ನನ್ನ ಕೆಲಸ. ಅವರನ್ನು ಕ್ಷಮಿಸುವುದು ನನ್ನ ಕೆಲಸವಲ್ಲ. ಆದರೆ ಅವರು ಹೇಳಲಾರದೆ ಉಳಿಸುವ ಒಂದು ಮಾತನ್ನು ಅವರು ಎದ್ದ ಮೇಲೆ ನಾನು ನನ್ನ ಒಡೆದ ಕಂಚಿನೊಳಗೆ ಹೇಳಿಕೊಳ್ಳುತ್ತೇನೆ.

ಕರ್ತನೇ, ಬೆನ್ಯಾಮೀನಪ್ಪನ ಮಗಳು ಮಿಲ್ಕಾ ನಿನ್ನ ಬಳಿ ಬಂದಿದ್ದಾಳೆ. ಐದು ಸಲ ಕರೆದು ಬಂದಿದ್ದಾಳೆ. ಆಕೆಯ ಬಲಗೈಯನ್ನು ಆಕೆಗೆ ಹಿಂದಕ್ಕೆ ಕೊಡು. ಆಕೆಯ ನಾಲಿಗೆಯ ಕಟ್ಟು ಬಿಚ್ಚು. ಹೇಳದೆ ಉಳಿದದ್ದನ್ನೆಲ್ಲ ಆಕೆ ಹೇಳಲಿ, ನೀನು ಕೂತು ಕೇಳು. ಆಕೆಗೆ ಹತ್ತು ನಿಮಿಷ ಎನ್ನಬೇಡ. ನಿನ್ನ ಸನ್ನಿಧಿಯಲ್ಲಿ ಆಕೆಯ ಆತ್ಮಕ್ಕೆ ಶಾಂತಿಯಿರಲಿ, ಯಾರನ್ನೂ ಕಾಯಬೇಕಾಗಿಲ್ಲದ ಶಾಂತಿಯಿರಲಿ. ಆಮೆನ್.