ಕಾಫಿ ಯಾರಾದರೂ ತಿಂತಾರಾ?

ಮಗಳಿಗೆ ಎರಡು ಜಡೆಯ ಬದಲು ಒಂದೇ ಹಾಕಿ, ಶಾಲೆಯ ಬಸ್ಸು ಹತ್ತಿಸಿ, ಮಾವನನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಓಡಿದೆ. ಮೂರು ತಿಂಗಳಿಗೊಮ್ಮೆ ಅವರಿಗೆ ಸಕ್ಕರೆ ಪರೀಕ್ಷೆ. ಹಿಂದಿನ ಎರಡು ಸಲವೂ ಏರಿತ್ತು. ಈ ಸಲ ಇಳಿಯದಿದ್ದರೆ ದಿನಾ ಇಂಜೆಕ್ಷನ್ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ನಲವತ್ತು ವರ್ಷ ದರ್ಜಿಯಾಗಿ ದುಡಿದ ಮಾವ ಅಂದಿನಿಂದ ನೆಟ್ಟಗೆ ನಿದ್ದೆ ಮಾಡಿಲ್ಲ. "ಸೂಜಿ ಇರೋದು ಬಟ್ಟೆಗಮ್ಮ, ಮೈಗಲ್ಲ!"

ನಾನೇನು ಕಡಿಮೆ ಮಾಡಿದೆನೇ? ಅನ್ನ ಅಳೆದು ಬಡಿಸಿದೆ. ಕಾಫಿಗೆ ಸಕ್ಕರೆ ನಿಲ್ಲಿಸಿದೆ. ಬಿಸ್ಕತ್ತಿನ ಡಬ್ಬಿ ಅಟ್ಟಕ್ಕೇರಿಸಿ ಮಗಳ ರಂಪವನ್ನೂ ಸಹಿಸಿದೆ.

ರಕ್ತ ತೆಗೆಯುವ ಸಿಸ್ಟರ್ ಕೇಳಿದರು. "ಅಜ್ಜ, ಏನೂ ತಿಂದಿಲ್ಲ ತಾನೆ?"

"ತಿಂದಿಲ್ಲಮ್ಮ."

ಸೂಜಿ ಕಂಡೊಡನೆ ಮಾವ ಮುಖ ಗೋಡೆಯ ಕಡೆ ತಿರುಗಿಸಿ, ನನ್ನ ಬೆರಳನ್ನು ಹಿಂಡಿ ಹಿಡಿದರು.

ಒಂದು ಗಂಟೆ ಕಾದ ಮೇಲೆ ಡಾಕ್ಟರು ವರದಿ ನೋಡಿ ನಿಟ್ಟುಸಿರಿಟ್ಟರು. "ಇನ್ನೂರ ಹತ್ತು. ಇನ್ನು ಇಂಜೆಕ್ಷನ್ನೇ ಅಜ್ಜ." ಚೀಟಿ ಬರೆಯತೊಡಗಿದರು.

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ಅನ್ಯಾಯ ಡಾಕ್ಟ್ರೇ! ಬೆಳಿಗ್ಗೆ ಕಾಫಿ ಆದ್ಮೇಲೆ ಒಂದು ಹನಿ ನೀರೂ ಮುಟ್ಟಿಲ್ಲ ನಾನು!"

ಪೆನ್ನು ನಿಂತಿತು. "ಏನಾದ್ಮೇಲೆ?"

"ಕಾಫಿ. ಐದು ಗಂಟೆಗೆ. ಪಾಪ, ಇವಳನ್ನ ಯಾಕೆ ಎಬ್ಬಿಸೋದು ಅಂತ ನಾನೇ ಮಾಡ್ಕೊಂಡೆ. ಲೋಟಾನೂ ತೊಳೆದಿಟ್ಟೆ."

"ಸಕ್ಕರೆ?"

"ಎರಡೇ ಚಮಚ."

ನಾನು ಹಣೆ ಚಚ್ಚಿಕೊಂಡೆ. "ಮಾವ! ಪ್ರತಿ ಸಲಾನೂ ಹೀಗೇನಾ?"

"ಅವರು ತಿಂದ್ರಾ ಅಂತ ತಾನೆ ಕೇಳಿದ್ದು? ಕಾಫಿ ಯಾರಾದ್ರೂ ತಿಂತಾರೇನಮ್ಮ?"

ಡಾಕ್ಟರು ಚೀಟಿ ಹರಿದು ಹಾಕಿದರು. "ನಾಳೆ ಬನ್ನಿ. ನೀರು ಬಿಟ್ಟು ಬೇರೇನೂ ತಿನ್ನೋ ಹಾಗಿಲ್ಲ, ಕುಡಿಯೋ ಹಾಗಿಲ್ಲ, ನೆಕ್ಕೋ ಹಾಗೂ ಇಲ್ಲ!"

ಆ ರಾತ್ರಿ ಕಾಫಿಪುಡಿ, ಸಕ್ಕರೆ ಎರಡನ್ನೂ ನನ್ನ ಮಂಚದ ಕೆಳಗಿಟ್ಟುಕೊಂಡು ಮಲಗಿದೆ. ಬೆಳಿಗ್ಗೆ ಐದಕ್ಕೆ ಅಡುಗೆಮನೆಯಲ್ಲಿ ಡಬ್ಬಿಗಳ ಮುಚ್ಚಳ ಒಂದೊಂದಾಗಿ ಸದ್ದು ಮಾಡಿದವು. ನಾನು ಏಳಲಿಲ್ಲ.

ಕ್ಲಿನಿಕ್ಕಿನಲ್ಲಿ ಈ ಸಲ ನೂರ ಇಪ್ಪತ್ತೆಂಟು. ಮಾತ್ರೆಯೇ ಸಾಕು ಎಂದರು ಡಾಕ್ಟರು.

"ನೋಡಿದ್ಯಾ?" ಮಾವ ಹೊರಗೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಎದೆ ಉಬ್ಬಿಸಿದರು. "ನನಗೇನೂ ಆಗಿಲ್ಲ ಅಂತ ನಾನು ಆವತ್ತೇ ಬಡ್ಕೊಂಡೆ. ನೀನೇ ಸುಮ್ಮನೆ ಓಡಾಡಿಸಿದೆ."

ಹಲ್ಲು ಕಚ್ಚಿಕೊಂಡು ಚಪ್ಪಲಿಯನ್ನು ಅವರ ಕಾಲ ಬಳಿ ಸರಿಸಿದೆ.

"ಮನೆಗೆ ಹೋದ ತಕ್ಷಣ ಕಾಫಿ ಕೊಡ್ತೀಯಾ ತಾನೆ?"

"ಸಕ್ಕರೆ ಹಾಕಲ್ಲ."

"ಅರ್ಧ ಚಮಚ?"

ನಾನು ಮಾತ್ರೆಯ ಚೀಟಿಯನ್ನು ಚೀಲಕ್ಕೆ ತುರುಕಿ ಮುಂದೆ ನಡೆದೆ. ಮೆಟ್ಟಿಲು ಇಳಿಯುವಾಗ ಮಾತ್ರ ಅವರ ತೋಳು ಹಿಡಿದುಕೊಂಡೆ.