ಐನಾರ್ ಮಾಡಿದ ಪೆಟ್ಟಿಗೆ

ಶವಪೆಟ್ಟಿಗೆಯ ಮೂಲೆಯಲ್ಲಿ ಪ್ರೆಬೆನ್ ಉಗುರು ಆಡಿಸುತ್ತಿದ್ದ. ಓಕ್ ಹಲಗೆಗಳು ಒಂದನ್ನೊಂದು ಕಚ್ಚಿಕೊಂಡ ಕಡೆ ಕೂದಲೆಳೆಯಷ್ಟು ಸಂದಾದರೂ ಸಿಕ್ಕೀತೆಂಬ ಆಸೆ. ಮೂರು ಮೂಲೆಯಲ್ಲೂ ಸಿಗಲಿಲ್ಲ. ನಾಲ್ಕನೆಯದಕ್ಕೆ ಬಂದ. ಒಳಗೆ ಅಪ್ಪ ಓಲುಫ್ ಬಿಳಿ ಅಂಗಿ ತೊಟ್ಟು ಮಲಗಿದ್ದರು. ತಮ್ಮ ಈ ಮರಗೆಲಸದ ಕಾರ್ಖಾನೆಯಲ್ಲಿ ಅವರು ಕೈಕಟ್ಟಿಕೊಂಡಿದ್ದು ಇದೇ ಮೊದಲು.

"ಏನೋ ಹುಡುಕ್ತಿದೀಯ?" ಡಾಗ್ಮಾರ್ ಅತ್ತೆ ಕೇಳಿದಳು. ಅಪ್ಪನ ತಂಗಿ, ಅವಳಿಂದ ಏನನ್ನೂ ಮುಚ್ಚಿಡುವಂತಿಲ್ಲ.

"ಧೂಳು."

"ಪೆಟ್ಟಿಗೆ ಮಾಡು ಅಂತ ನಿಮ್ಮಪ್ಪ ಆಸ್ಪತ್ರೆಯಿಂದ ನಿಂಗಲ್ದೆ ಐನಾರ್‌ಗೆ ಹೇಳಿ ಕಳಿಸಿದ್ದು ನಿಂಗಿನ್ನೂ ಅರಗಿಲ್ಲ."

"ಓಲುಫ್ ಲುಂಡ್ಬಿ ಮತ್ತು ಮಗ ಅಂತ ಬೋರ್ಡಿದೆಯಲ್ಲ ಅತ್ತೆ. ಮಗ ಇರೋದು ಆ ಬೋರ್ಡಲ್ಲಿ ಮಾತ್ರ."

ಕೆಲಸದ ಮೇಜುಗಳನ್ನು ಗೋಡೆಗೆ ಸರಿಸಿ ಜನ ನಿಂತಿದ್ದರು. ಹೊರಗೆ ಬಾಗಿಲಿನಿಂದ ಇಗರ್ಜಿಯವರೆಗೆ ದಾರಿಯುದ್ದಕ್ಕೂ ಶವಯಾತ್ರೆಗೆಂದು ಸ್ಪ್ರೂಸ್ ಮರದ ಸೊಪ್ಪು ಹರಡಿತ್ತು. ಐನಾರ್ ಬಾಗಿಲ ಬಳಿ ಟೋಪಿ ಹಿಡಿದು ತಲೆ ತಗ್ಗಿಸಿದ್ದ. ಆ ತಗ್ಗಿದ ತಲೆಯನ್ನು ಕಂಡರೂ ಪ್ರೆಬೆನ್‌ಗೆ ಮೈ ಉರಿಯುತ್ತಿತ್ತು.

*

ಪ್ರೆಬೆನ್, ಐನಾರ್ ಇಬ್ಬರೂ ಹದಿನೆಂಟರ ವಯಸ್ಸಿನಲ್ಲಿ ಅಪ್ಪನ ಕೈಕೆಳಗೆ ಒಟ್ಟಿಗೇ ಕೆಲಸ ಕಲಿತು ಮುಗಿಸಿದವರು. ಪರೀಕ್ಷೆಗೆಂದು ಒಂದೇ ಅಳತೆಯ, ಎರಡೆರಡು ಡ್ರಾಯರ್ ಇರುವ ಬೀರು ಮಾಡಿದ್ದರು. ಅಪ್ಪ ಮಗನ ಬೀರುವಿನ ಮೇಲಿನ ಡ್ರಾಯರ್ ತೆರೆದು ಒಳಕ್ಕೆ ತಳ್ಳಿದರು. ಕೆಳಗಿನದು ಅಲುಗಲಿಲ್ಲ. ಐನಾರನದಕ್ಕೆ ಹೋದರು. ಅಲ್ಲಿ ಮೇಲಿನದನ್ನು ತಳ್ಳಿದಾಗ, ಒಳಗಿನ ಗಾಳಿಗೆ ನುಸುಳಲು ಎಲ್ಲೂ ಸಂದು ಸಿಗದೆ, ಕೆಳಗಿನದು ತಾನಾಗಿ ಮೆಲ್ಲಗೆ ಈಚೆ ಬಂತು.

"ನೋಡ್ರೋ, ಉಸಿರಾಡ್ತಿದೆ," ಎಂದು ಅಪ್ಪ ನಕ್ಕರು.

ಆ ನಗು ತನಗೆ ಬರಬೇಕಿತ್ತು. ಆಮೇಲೆ ಇಪ್ಪತ್ತೆರಡು ವರ್ಷಗಳಲ್ಲಿ ಪ್ರೆಬೆನ್ ಮಾಡಿದ ಎಷ್ಟೋ ಡ್ರಾಯರುಗಳು ಉಸಿರಾಡಿದವು. ಅಪ್ಪ ಒಂದನ್ನೂ ತಳ್ಳಿ ನೋಡಲಿಲ್ಲ.

*

ಪ್ರಾರ್ಥನೆಯ ಹಾಡು ಮುಗಿಯಿತು. ಐನಾರನೂ ಪ್ರೆಬೆನನೂ ಮುಚ್ಚಳ ಎತ್ತಿ ಇಟ್ಟರು. ಅದು ಕೂರಲಿಲ್ಲ. ಕಾಲಿನ ಕಡೆ ಒತ್ತಿದರೆ ತಲೆಯ ಕಡೆ ಎದ್ದಿತು. ತಲೆಯ ಕಡೆ ಒತ್ತಿದರೆ ಕಾಲಿನ ಕಡೆ.

"ಅಳತೆ ತಪ್ಪಿದೆ ಕಣಯ್ಯ," ಎಂದ ಪಕ್ಕದ ಬೇಕರಿಯ ಸಿಗ್ವಾರ್ಡ್. "ಅಂಥಾ ಮೇಸ್ತ್ರಿಗೆ ಎಂಥಾ ಪೆಟ್ಟಿಗೆ."

ಐನಾರನ ಕಿವಿ ಕೆಂಪಾಯಿತು. "ಪ್ರೆಬೆನ್, ಅಂಚನ್ನ ಒಂಚೂರು ಹೆರೆದುಬಿಡ್ಲಾ?" ಎಂದು ಪಿಸುಗುಟ್ಟಿದ.

ಪ್ರೆಬೆನ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೂಂ ಎಂದರೆ ಸಾಕು, ಸಂಜೆಯ ಕಾಫಿಯ ಹೊತ್ತಿಗೆ ಊರೆಲ್ಲ ಇದೇ ಮಾತು. ಆದರೆ ಮುಚ್ಚಳ ಕೂರದ್ದು ಅಳತೆಯ ತಪ್ಪಲ್ಲವೆಂದು ಅವನಿಗೆ ಗೊತ್ತಿತ್ತು. ಗಾಬರಿಯಲ್ಲಿ ಐನಾರನಿಗೂ ಅದು ಹೊಳೆದಿರಲಿಲ್ಲ. ಗೊತ್ತಿರಬಹುದಾಗಿದ್ದ ಇನ್ನೊಬ್ಬರು ಒಳಗೆ ಮಲಗಿದ್ದರು. ಪ್ರೆಬೆನ್ ಬೇಕೆಂದೇ ತಡಮಾಡಿದ. ಐನಾರನ ಹಣೆಯಲ್ಲಿ ಬೆವರು ಇಳಿಯುವುದನ್ನು ಕಣ್ತುಂಬ ನೋಡಿದ.

"ಮುಟ್ಬೇಡ," ಎಂದ ಕಡೆಗೆ. "ಅಳತೆ ಸರಿಯಾಗೇ ಇದೆ. ಒಳಗಿರೋ ಗಾಳಿಗೆ ದಾರಿ ಸಿಕ್ತಿಲ್ಲ, ಅಷ್ಟೆ. ಸಿಗ್ವಾರ್ಡ್, ನೀವು ನಿಮ್ಮ ಬ್ರೆಡ್ ನೋಡ್ಕೊಳ್ಳಿ."

ಐನಾರ್ ಕಣ್ಣರಳಿಸಿದ. "ಉಸಿರಾಡ್ತಿದೆ..."

"ನೀನು ಕಾಲಿನ ಕಡೆಗೆ ಹೋಗು. ತಲೆ ಕಡೆ ನನಗೆ ಬಿಡು."

ಐನಾರ್ ಹೋಗಿ ಕಾಲಿನ ಕಡೆಯ ಅಂಚು ಹಿಡಿದ. ಪ್ರೆಬೆನ್ ಎದೆಯನ್ನೂ ಕೆನ್ನೆಯನ್ನೂ ಮುಚ್ಚಳದ ಮೇಲಿಟ್ಟು ಮೆಲ್ಲಗೆ ಭಾರ ಬಿಟ್ಟ. ಅಂಚಿನಿಂದ ಗಾಳಿ ಒಂದೇ ಸಮನೆ, ನಿಧಾನವಾಗಿ ಹೊರಟು ಅವನ ಮುಖಕ್ಕೆ ತಗುಲಿತು. ಮರಕ್ಕೆ ಹಚ್ಚುವ ಅಗಸೆ ಎಣ್ಣೆ, ಚುಂಗಾಣಿಯ ಹೊಗೆಸೊಪ್ಪು. ಅಪ್ಪ ಹೆಗಲ ಹಿಂದೆ ಬಂದು ನಿಂತರೆ ಬರುತ್ತಿದ್ದ ವಾಸನೆ. ಮುಚ್ಚಳ ಕೂತಿತು. ಉಗುರು ಹೋಗುವಷ್ಟೂ ಜಾಗ ಉಳಿಯಲಿಲ್ಲ.

ಹೊರುವವರು ಬಂದು ಸಾಲಾಗಿ ನಿಂತರು. ಪ್ರೆಬೆನ್ ಹಲಗೆಗೆ ಒತ್ತಿದ ಕೆನ್ನೆಯನ್ನು ಇನ್ನೂ ಎತ್ತಿರಲಿಲ್ಲ.